ಬೀಗಿತ್ತಿಗೆ ಅಮೆರಿಕದ ಅಂಗಡಿ ಕಲಿಸಿದ್ದು

ಅಮೆರಿಕಕ್ಕೆ ಹೋಗಿಬರಲು ನನಗೆ ತಗುಲಿದ್ದು ಐವತ್ತೊಂದು ಸಾವಿರ ರೂಪಾಯಿ, ಎಂಟು ಖಾಯಂ ಗಿರಾಕಿಗಳು ಮತ್ತು ಒಬ್ಬ ಬೀಗಿತ್ತಿ. ರೂಪಾಯಿ ಟಿಕೆಟ್ಟಿಗೆ ಹೋಯಿತು. ಏಜೆಂಟು ಐವತ್ತೇಳು ಹೇಳಿದ್ದ. ಮೂರು ದಿನ ಅವನ ಎದುರಿಗೆ ಕೂತು ಇಳಿಸಿದೆ. ಗಿರಾಕಿಗಳು ಹೋದದ್ದು ಹಾಸನದ ನನ್ನ ದಿನಸಿ, ತರಕಾರಿ ಅಂಗಡಿಯನ್ನು ಮೂರು ತಿಂಗಳು ನಾದಿನಿಯ ಕೈಗೆ ಕೊಟ್ಟದ್ದಕ್ಕೆ. ಅವಳು ತೂಕದಲ್ಲಿ ಧಾರಾಳಿ, ಮಾತಿನಲ್ಲಿ ಜಿಪುಣಿ. ವ್ಯಾಪಾರಕ್ಕೆ ಇದು ತಿರುಗುಮುರುಗಾಗಿರಬೇಕು. ರೂಪಾಯಿ, ಗಿರಾಕಿ ಎರಡನ್ನೂ ಒಂದು ವರ್ಷದಲ್ಲಿ ಮತ್ತೆ ಸಂಪಾದಿಸಿಕೊಂಡೆ. ಬೀಗಿತ್ತಿ ಹೋದದ್ದು ನನ್ನಿಂದಲೇ, ಆಕೆ ಮತ್ತೆ ಬರುವ ಬಾಬ್ತಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಗೋಲ್ಡನ್ ಗೇಟ್ ಸೇತುವೆಯನ್ನೂ ನೋಡಿದೆ. ಮಂಜಿತ್ತು, ಅರ್ಧ ಕಾಣಲಿಲ್ಲ. ಅದರ ವಿಷಯ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ನೆವಾರ್ಕ್

ಹೊಸ ಶತಮಾನಕ್ಕೆ ಕಂಪ್ಯೂಟರುಗಳೆಲ್ಲ ಕೆಟ್ಟು ಕೂರುತ್ತವೆ ಎಂದು ಲೋಕವೇ ಹೆದರಿತ್ತಲ್ಲ, ಏನೂ ಕೆಡದೆ ಆ ಜನವರಿ ಕಳೆಯಿತು. ಫೆಬ್ರವರಿಯಲ್ಲಿ ಮಗಳು ಶೈಲಜಾಳ ಬಾಣಂತನಕ್ಕೆ, ಆ ಗೋಲ್ಡನ್ ಗೇಟ್ ಕಡೆಯ ನೆವಾರ್ಕಿಗೆ ಹೊರಟೆ. ಶೈಲಾ, ಅವಳ ಗಂಡ ವೇಯ್, ಇಬ್ಬರೂ ಕಂಪ್ಯೂಟರು ಕಂಪನಿಯವರು. ವೇಯ್ ಚೀನಾದವನು. ಮದುವೆಗೆ ಒಂದು ವರ್ಷ ನಾನು ಒಪ್ಪಲಿಲ್ಲ, ಆಮೇಲೆ ಒಪ್ಪಿದೆ. ಅದು ಬೇರೆ ಕಥೆ. ಅವನಿಗೆ ಕನ್ನಡ ಸುಮಾರಾಗಿ ಬರುತ್ತದೆ, ನನಗೆ ಅಂಗಡಿಗೆ ಸಾಲುವಷ್ಟು ಇಂಗ್ಲಿಷು. ಅವನ ಕಂಪನಿ ಏನು ಮಾರುತ್ತದೆ ಎಂದು ಮೊದಲ ವಾರವೇ ಕೇಳಿದೆ.

"ಈಗ ಏನೂ ಮಾರಲ್ಲ ಅಮ್ಮ. ಮುಂದೆ."

"ಮತ್ತೆ ಸಂಬಳ ಎಲ್ಲಿಂದ ಬರುತ್ತೆ?"

"ಮುಂದೆ ಮಾರ್ತೀವಿ ಅಂತ ನಂಬಿದವರು ಕೊಡ್ತಾರೆ."

ನಮ್ಮ ಊರಿನಲ್ಲಿ ಹೀಗೆ ಮಾಡಿದವನನ್ನು ಜನ ಹುಡುಕಿಕೊಂಡು ಹೋಗುತ್ತಾರೆ ಎಂದುಕೊಂಡೆ. ಅಳಿಯನಾದ್ದರಿಂದ ಹೇಳಲಿಲ್ಲ.

ಮೊಮ್ಮಗಳು ಲೀಲಾಗೆ ಐದು ವಾರವಾದಾಗ ವೇಯ್‌ನ ತಾಯಿ ಚೀನಾದಿಂದ ಬಂದಿಳಿದಳು. ನನಗಿಂತ ಐದಾರು ವರ್ಷ ದೊಡ್ಡವಳು, ಕುಳ್ಳಿ, ಗಟ್ಟಿ ತೋಳಿನವಳು. ಸಣ್ಣ ಪಟ್ಟಣವೊಂದರ ಸಂತೆಬೀದಿಯಲ್ಲಿ ಸೋಯಾ ಗಿಣ್ಣಿನ ಅಂಗಡಿ ಇಟ್ಟು ಮಗನನ್ನು ಓದಿಸಿದವಳು. ಸೋಯಾ ಕಾಳು ರುಬ್ಬಿ, ಹಾಲು ತೆಗೆದು, ಒಡೆಸಿ ಗಟ್ಟಿ ಮಾಡುತ್ತಾರೆ. ನೋಡಲಿಕ್ಕೆ ನಮ್ಮ ಗಿಣ್ಣಿನ ಹಾಗೆಯೇ. ಆ ಅಂಗಡಿಯನ್ನು ತಮ್ಮನ ಸೊಸೆಗೆ ಬಿಟ್ಟುಕೊಟ್ಟು, ಇನ್ನು ಮೊಮ್ಮಗುವನ್ನು ಬೆಳೆಸುವುದೇ ಕೆಲಸ ಎಂದು ಬಂದಿದ್ದಳು. ಬಿಟ್ಟುಕೊಟ್ಟ ಅಂಗಡಿ ಮರಳಿ ಸಿಗುವುದಿಲ್ಲ. ವ್ಯಾಪಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಂದ ದಿನವೇ ನನ್ನ ಮೆಣಸಿನ ಕೋಳಿಸಾರಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು. ತಲೆಯಾಡಿಸಿ, ಒಂದು ಹಿಡಿ ಶುಂಠಿ ಜಜ್ಜಿ ಹಾಕಿದಳು. ಸಿಟ್ಟು ಬಂತು, ಉಂಡ ಮೇಲೆ ಇಳಿಯಿತು. ಬಾಣಂತಿಗೆ ತಣ್ಣೀರು ಕೂಡದು, ತಲೆಗೆ ಗಾಳಿ ಕೂಡದು ಎನ್ನುವುದರಲ್ಲಿ ಚೀನಾಕ್ಕೂ ಹಾಸನಕ್ಕೂ ಕೂದಲೆಳೆ ವ್ಯತ್ಯಾಸವಿಲ್ಲ. ಫ್ರಿಜ್ಜಿನ ನೀರನ್ನು ಒಮ್ಮೆ ನಾನು ಬಚ್ಚಿಟ್ಟರೆ ಇನ್ನೊಮ್ಮೆ ಆಕೆ ಬಚ್ಚಿಡುತ್ತಿದ್ದಳು.

"ಇಬ್ರೂ ಸೇರಿ ನನ್ನ ಬೇಯಿಸ್ತಿದ್ದೀರ" ಎಂದಳು ಶೈಲಾ.

ಅವಳ ರಜೆ ಮುಗಿಯುತ್ತಾ ಬಂದಿತ್ತು. ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು:

"ಅಮ್ಮ, ನೀನು ಹೊರಡೋಷ್ಟರಲ್ಲಿ ಅತ್ತೆಗೆ ಅಂಗಡಿ ಕಲಿಸು. ಮಗೂನ ಕರ್ಕೊಂಡು ಒಬ್ರೇ ಹೋಗಿ, ಬೇಕಾದ್ದು ತಗೊಂಡು, ಗಲಾಟೆ ಇಲ್ದೆ ಮನೆಗೆ ಬಂದ್ರೆ ಸಾಕು, ಇರ್ಲಿ. ನಾವಿಬ್ರೂ ಫ್ರೀವೇ ಆಚೆ ಇರ್ತೀವಿ. ಫೋನ್ ಬಂದ್ರೂ ಮನೆ ಸೇರೋಕೆ ಒಂದು ಗಂಟೆ. ಅವ್ರಿಗೆ ಆಗಲ್ಲ ಅಂದ್ರೆ ಮಗೂನ ಡೇಕೇರಿಗೆ ಹಾಕ್ತೀನಿ."

"ಡೇಕೇರಿಗೆ ಹಾಕಿದ್ರೆ ಆಕೆ ಗತಿ?"

"ಇಲ್ಲಿದ್ದು ಏನು ಮಾಡ್ತಾರೆ? ಡೇಕೇರಿಗೂ ಕೊಟ್ಟು ಎರಡು ಕೋಣೆ ಅಪಾರ್ಟ್‌ಮೆಂಟಿಗೂ ಕೊಡೋಕೆ ಆಗಲ್ಲಮ್ಮ."

ಅಂದರೆ ಅಂಗಡಿ ಬಂದರೆ ಮೊಮ್ಮಗು, ಬರದಿದ್ದರೆ ವಿಮಾನ. ಆಕೆಗೆ ಇದನ್ನು ವೇಯ್ ಹೇಳಿದ. ಆಕೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು, ಈಗಲೇ ನಡಿ ಎನ್ನುವ ಹಾಗೆ.

ತರಕಾರಿ ಸಾಲು

ಅಂಗಡಿ ನಡೆದರೆ ಹತ್ತು ನಿಮಿಷ. ಆ ಊರಿನಲ್ಲಿ ನಡೆಯುವವರು ನಾವಿಬ್ಬರೇ. ಆಕೆ ಲೀಲಾಳನ್ನು ಎದೆಗೆ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ನಾನು ಎರಡು ತಿಂಗಳ ಹಳಬಳು, ಗುರುವಿನ ಗತ್ತಿನಲ್ಲಿ ಮುಂದೆ.

ತರಕಾರಿ ಸಾಲಿನಲ್ಲಿ ಇದ್ದಕ್ಕಿದ್ದಂತೆ ಗುಡುಗಿತು. ಬೀಗಿತ್ತಿ ಮಗುವಿನ ತಲೆ ಮುಚ್ಚಿ ಬಗ್ಗಿದಳು. ಅದು ಟೇಪಿನ ಗುಡುಗು. ಹಿಂದೆಯೇ ಮೇಲಿನ ಕೊಳವೆಗಳಿಂದ ಸೊಪ್ಪಿನ ಮೇಲೆ ಸಣ್ಣ ತುಂತುರು. ಸೊಪ್ಪಿಗೆ ನೀರು ಚಿಮುಕಿಸುವುದು ಯಾಕೆಂದು ನನಗೆ ಗೊತ್ತಿಲ್ಲವೇ? ಬಾಡಬಾರದು ಎನ್ನುವುದು ಒಂದು, ತೂಕ ಬರಲಿ ಎನ್ನುವುದು ಇನ್ನೊಂದು. ನಾವು ಗೋಣಿಚೀಲ ನೆನೆಸಿ ಹೊದಿಸುತ್ತೇವೆ, ಇವರು ಗುಡುಗು ಹಾಕಿಸುತ್ತಾರೆ. ಬೀಗಿತ್ತಿ ಒಂದು ಕಂತೆ ಸೊಪ್ಪು ಎತ್ತಿ ಮೂರು ಸಲ ಜೋರಾಗಿ ಕೊಡವಿ, ನೀರು ಹೋಯಿತೇ ಎಂದು ನೋಡಿ, ಆಮೇಲೆ ಚೀಲಕ್ಕೆ ಹಾಕಿದಳು. ಸರಿ, ಇವಳು ನಮ್ಮ ಪೈಕಿ, ಎಂದುಕೊಂಡೆ.

ಮುಂದಿನದು ಬ್ರಾಕೊಲಿ, ಹಸಿರು ಹೂಕೋಸು. ಒಂದೊಂದಕ್ಕೂ ಮಗುವಿನ ತೋಳಿನ ಗಾತ್ರದ ದಂಟು, ಎಲ್ಲ ಸೇರಿ ತೂಕಕ್ಕೆ. ಆಕೆ ಬೇಕೆಂದೇ ದಪ್ಪ ದಂಟಿನವನ್ನೇ ಆರಿಸಿದಳು. ಮನೆಯಲ್ಲಿ ಆ ದಂಟಿನ ಸಿಪ್ಪೆ ಹೆರೆದು, ಕಾಗದದಷ್ಟು ತೆಳ್ಳಗೆ ಸೀಳಿ, ಒಣಮೆಣಸಿನಕಾಯಿ ಹಾಕಿ ಹುರಿದು, ಕೊನೆಗೆ ಒಂದಿಷ್ಟು ವಿನೆಗರ್ ಚಿಮುಕಿಸಿದಳು. ವೇಯ್ ಮೊದಲು ದಂಟು ತಿಂದ, ಹೂವು ಆಮೇಲೆ. ನಾನೂ ಎರಡು ಸಲ ಬಡಿಸಿಕೊಂಡೆ. ತಿನ್ನುವಾಗ ಸುಮ್ಮನಿದ್ದವಳಿಗೆ ಮುಂದಿನ ಸಲ ಅಂಗಡಿಗೆ ಹೋದಾಗ ಬುದ್ಧಿ ಬಂತು. ದಂಟಿಗೆ ಯಾಕೆ ದುಡ್ಡು ಕೊಡಬೇಕು?

ಹೂಕೋಸಿನ ಎಲೆ ಕಿತ್ತು ತೂಗು ಎನ್ನುವ ಹೆಂಗಸರ ಜೊತೆ ಇಪ್ಪತ್ತು ವರ್ಷ ಜಗಳವಾಡಿದವಳು ನಾನು. ತಕ್ಕಡಿಯ ಈ ಕಡೆಗೆ ದಾಟಿದರೆ ಎಷ್ಟು ಸುಖ ಎಂದು ಅಲ್ಲಿ ಗೊತ್ತಾಯಿತು. ಟಕ್ ಎಂದು ದಂಟು ಮುರಿದು ರಾಶಿಯ ಹಿಂದೆ ತಳ್ಳಿ, ಹೂವನ್ನಷ್ಟೇ ಚೀಲಕ್ಕೆ ಹಾಕಿದೆ. ನೇತುಹಾಕಿದ್ದ ತಕ್ಕಡಿಯಲ್ಲಿಟ್ಟು ಆಕೆಗೆ ಮುಳ್ಳು ತೋರಿಸಿದೆ: ದಂಟು ಇದ್ದರೆ ಇಷ್ಟು, ಇಲ್ಲದಿದ್ದರೆ ಇಷ್ಟು. ಆಕೆ ಮುಳ್ಳು ನೋಡಿದಳು, ನನ್ನನ್ನು ನೋಡಿದಳು, ಹೋಗಿ ನಾನು ತಳ್ಳಿದ್ದ ದಂಟನ್ನು ಎತ್ತಿಕೊಂಡು ಬಂದಳು. ಅವಳ ಕೈಯಿಂದ ಕಸಿದು ಮತ್ತೆ ಅಲ್ಲೇ ಇಟ್ಟೆ. "ಬೇಡ" ಎಂದೆ ಕನ್ನಡದಲ್ಲೇ.

ಎರಡನೇ ಸಲವೂ ಹೀಗೇ. ಮೂರನೇ ಸಲ ಆಕೆ ತಾನೇ ಮುರಿದಳು, ಎಲೆಯಲ್ಲಿ ಅನ್ನ ಬಿಟ್ಟು ಏಳುವವಳ ಮುಖ ಮಾಡಿಕೊಂಡು. ಬೆನ್ನು ತಟ್ಟಿದೆ. ಶಿಷ್ಯೆ ಪಾಸು.

ಮೀನು, ಮೊಸರು, ಚೀಸು

ಮೀನಿನ ಕಟ್ಟೆಯ ಮುಂದೆ ಆಕೆ ಬಹಳ ಹೊತ್ತು ನಿಂತಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ತುಂಡುಗಳು, ತಲೆಯಿಲ್ಲ, ಬಾಲವಿಲ್ಲ. ಎರಡು ಬೆರಳು ತನ್ನ ಕಣ್ಣಿಗೆ ತೋರಿಸಿ, ಮೀನಿಗೆ ತೋರಿಸಿ, ಕೈ ಮಗುಚಿದಳು. ನನಗೆ ನಗು ಬಂತು. ಹಾಸನದ ಸಂತೆಯಲ್ಲೂ ನಾವು ಕಣ್ಣು ನೋಡಿ, ಕಿವಿರು ಎತ್ತಿ ನೋಡಿಯೇ ಕೊಳ್ಳುವುದು. ತಲೆ ಕಡಿದ ಮೇಲೆ ಮೀನು ಸತ್ತದ್ದು ಯಾವತ್ತು ಎಂದು ಯಾರಿಗೆ ಗೊತ್ತು? ಇಲ್ಲಿಯವರು ದಿನಾಂಕದ ಚೀಟಿ ನೋಡುತ್ತಾರೆ. ಸತ್ತವನನ್ನು ನೋಡದೆ ತಿಥಿ ಕಾರ್ಡು ನೋಡಿದ ಹಾಗೆ.

ಮೊಸರಿನಲ್ಲಿ ನಾನೇ ಏಮಾರಿದ್ದೆ. ಬಂದ ಮೊದಲ ವಾರ ದೊಡ್ಡ ಡಬ್ಬ ತಂದು ಮಜ್ಜಿಗೆಹುಳಿಗೆ ಸುರಿದೆ. ಸಕ್ಕರೆ, ವೆನಿಲ್ಲಾ ಹಾಕಿದ ಮೊಸರು. ಸೋರೆಕಾಯಿ ಐಸ್‌ಕ್ರೀಮಿನ ಹುಳಿಯನ್ನು ಯಾರೂ ತಿನ್ನಲಿಲ್ಲ. ಆದ್ದರಿಂದ ಬೀಗಿತ್ತಿಗೆ ಮೊಸರಿನ ಡಬ್ಬದ ಬಣ್ಣ ಮೊದಲು ಕಲಿಸಿದೆ. ಚೀಸಿಗೆ ಹೋದರೆ ಒಬ್ಬಳು ಹುಡುಗಿ ಕಡ್ಡಿಗೆ ಚುಚ್ಚಿದ ತುಂಡು ರುಚಿಗೆ ಕೊಡುತ್ತಿದ್ದಳು. ಬೀಗಿತ್ತಿ ಬಾಯಿಗಿಟ್ಟು, ಮಗುವಿನ ಬಟ್ಟೆಯ ಅಂಚಿಗೆ ಉಗಿದು, ಆ ಹುಡುಗಿಗೆ ತಲೆಬಾಗಿ ನಮಸ್ಕಾರ ಮಾಡಿದಳು.

ಸೋಯಾ ಗಿಣ್ಣು ಅಲ್ಲಿಯೂ ಇತ್ತು, ನೀರು ತುಂಬಿದ ಡಬ್ಬದಲ್ಲಿ. ಡಬ್ಬ ಅಲ್ಲಾಡಿಸಿ ಒಳಗಿನದು ಕುಲುಕುವುದನ್ನು ನೋಡಿದಳು. ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದು, ಇದ್ದ ಜಾಗದಲ್ಲೇ, ಚೀಟಿ ಮುಂದೆ ಬರುವ ಹಾಗೆ ನೀಟಾಗಿ ಇಟ್ಟಳು. ಅಂಗಡಿ ನಡೆಸಿದವರು ಮಾತ್ರ ಹಾಗೆ ಇಡುತ್ತಾರೆ.

ಮಾತಿಲ್ಲದೆ ಬೆರಳಲ್ಲೇ ನಮ್ಮ ವ್ಯವಹಾರ. ಮೊದಲು ಮೋಸಹೋದೆ: ಹೆಬ್ಬೆರಳು ತೋರುಬೆರಳು ಬಿಚ್ಚಿ ತೋರಿಸಿದಳು, ಎರಡು ಎಂದು ಎರಡೇ ಕಿತ್ತಳೆ ತಂದೆ. ಅವರಲ್ಲಿ ಅದು ಎಂಟಂತೆ. ಹತ್ತರವರೆಗೆ ಒಂದೇ ಕೈಯಲ್ಲಿ ಎಣಿಸುತ್ತಾರೆ. ದನದ ಜಾತ್ರೆಯಲ್ಲಿ ಟವಲ್ಲಿನ ಕೆಳಗೆ ಬೆರಳು ಹಿಡಿದು ದರ ಹೇಳುವವರಿಗೆ ಇದನ್ನು ಕಲಿಸಬಹುದು. ಎರಡು ವಾರದಲ್ಲಿ ಆಕೆಗೆ ಹಾಲಿನ ಪುಡಿಯ ಡಬ್ಬ, ಡಯಾಪರಿನ ಅಳತೆ, ದುಡ್ಡು ಕೊಡುವ ಸಾಲು, ಚಿಲ್ಲರೆ, ಎಲ್ಲ ಬಂತು. ಶೈಲಾ ಆಫೀಸಿಗೆ ಹೋಗಲು ಶುರುಮಾಡಿದಳು.

ಗಾಜಿನ ಹೊರಗೆ

ಶೈಲಾ ಕೆಲಸಕ್ಕೆ ಹೋಗಲು ಶುರುಮಾಡಿದ ನಾಲ್ಕನೇ ದಿನ ಬೀಗಿತ್ತಿಯನ್ನು ಒಬ್ಬಳೇ ಒಳಗೆ ಕಳಿಸಿದೆ. ನಾನು ಅಂಗಡಿಯ ಗಾಜಿನ ಗೋಡೆಯ ಹೊರಗೆ, ಸೋಡಾ ಮಾರುವ ಯಂತ್ರದ ಪಕ್ಕ ನಿಂತೆ. ಒಳಗೆ ಆಕೆ, ಎದೆಗೆ ಲೀಲಾ, ಕೈಯಲ್ಲಿ ಬುಟ್ಟಿ, ಬೆನ್ನು ನೆಟ್ಟಗೆ. ಸೊಪ್ಪು ಕೊಡವಿದಳು. ಬ್ರಾಕೊಲಿ ರಾಶಿಗೆ ಹೋಗಿ ಒಂದು ದಂಟು ಮುರಿದಳು, ಎರಡು ಮುರಿದಳು.

ಏಪ್ರನ್ ಕಟ್ಟಿದ್ದ ಎತ್ತರದ ಮನುಷ್ಯನೊಬ್ಬ ಬಂದ. ನಗುತ್ತಲೇ ಏನೋ ಹೇಳಿದ. ಆಕೆಯೂ ನಕ್ಕು ತಲೆಯಾಡಿಸಿದಳು. ಅವನು ರಾಶಿಯ ಹಿಂದೆ ಕೈ ಹಾಕಿ ದಂಟುಗಳನ್ನು ಹೊರತೆಗೆದು ಸಾಲಾಗಿ ಇಟ್ಟ. ಅಂದಿನ ಎರಡೇ ಅಲ್ಲ, ಹಿಂದಿನವೂ ಇದ್ದವು, ಒಣಗಿದವು, ನನ್ನವು. ಇನ್ನೊಬ್ಬ ಬಂದ. ಗಾಡಿ ತಳ್ಳುತ್ತಿದ್ದ ಜನ ನಿಂತು ನೋಡಿದರು. ಲೀಲಾ ಅಳಲು ಶುರುಮಾಡಿದಳು.

ಆಗ ಬೀಗಿತ್ತಿ ಗಾಜಿನ ಕಡೆಗೆ ತಿರುಗಿ, ನನ್ನನ್ನು ನೋಡಿ, ಕೈ ಎತ್ತಿದಳು. ದೂರುವ ಕೈಯಲ್ಲ ಅದು. ಭಾಷೆ ಬಲ್ಲವಳನ್ನು ಕರೆಯುವ ಕೈ.

ನಾನು ಸೋಡಾ ಯಂತ್ರದ ಹಿಂದಕ್ಕೆ ಸರಿದೆ.

ವೀಸಾ, ಪೊಲೀಸು, ಮಗಳ ಮಾನ, ಇಂಥ ಕಾರಣಗಳೆಲ್ಲ ಮನೆಗೆ ಬಂದ ಮೇಲೆ ಹುಟ್ಟಿದವು. ಆ ಗಳಿಗೆಯಲ್ಲಿ ಇದ್ದದ್ದು ಒಂದೇ, ನಾನು ಸಿಕ್ಕಿಕೊಳ್ಳಬಾರದು. ಅಂಗಡಿ ಇಟ್ಟು ಹತ್ತು ಜನಕ್ಕೆ ನ್ಯಾಯ ಹೇಳುವ ಹೆಂಗಸು, ಬೆಚ್ಚಗಿನ ಯಂತ್ರಕ್ಕೆ ಬೆನ್ನು ಹಚ್ಚಿ ನಿಂತಿದ್ದೆ. ಮತ್ತೆ ಇಣುಕಿದಾಗ ಆಕೆ ಲೀಲಾಳ ಬಟ್ಟೆಯೊಳಗಿಂದ ಶೈಲಾ ಬರೆದುಕೊಟ್ಟಿದ್ದ ಫೋನ್ ನಂಬರಿನ ಚೀಟಿ ತೆಗೆದು ಕೊಡುತ್ತಿದ್ದಳು.

ಏಪ್ರನ್ನಿನವನು ಫೋನಿಗೆ ಹೋದ ಮೇಲೆ ಒಳಗೆ ಹೋದೆ. ಹೋಗುವಾಗ ಹಾಲಿನ ಡಬ್ಬ ಒಂದನ್ನು ಎತ್ತಿಕೊಂಡೆ, ಇಷ್ಟು ಹೊತ್ತೂ ಹಾಲಿನ ಕಡೆ ಇದ್ದವಳ ಹಾಗೆ. ಆಕೆಗೆ ಕುರ್ಚಿ ಹಾಕಿದ್ದರು. ಲೋಟದಲ್ಲಿ ನೀರು ಕೊಟ್ಟಿದ್ದರು, ಐಸು ಹಾಕಿ, ಆಕೆ ಮುಟ್ಟಿರಲಿಲ್ಲ. ಹಾಲಿನ ಡಬ್ಬ ನೋಡಿದಳು, ನನ್ನನ್ನು ನೋಡಿದಳು, ಮಗುವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು.

ಅಂಗಡಿಯವರು ಬೈಯಲಿಲ್ಲ, ದುಡ್ಡು ಕೇಳಲಿಲ್ಲ. ಮೀಟಿಂಗು ಬಿಟ್ಟು ಒಂದು ಗಂಟೆ ಕಾರು ಓಡಿಸಿಕೊಂಡು ಬಂದ ಶೈಲಾಗೆ, ಇನ್ನು ಮುಂದೆ ಹೀಗೆ ಮಾಡಬೇಡಿ ಎಂದರಷ್ಟೇ. ನನ್ನ ಅಂಗಡಿಯಲ್ಲಾಗಿದ್ದರೆ ಆ ಹೆಂಗಸಿಗೆ ನಾನು ಕುರ್ಚಿ ಕೊಡುತ್ತಿರಲಿಲ್ಲ.

ಊಟದ ಮೇಜು

"ಅಮ್ಮ, ನೀನಿರ್ಲಿಲ್ವಾ ಅಲ್ಲಿ?" ಕಾರಿನಲ್ಲಿ ಕೇಳದೆ ಊಟದ ಮೇಜಿನಲ್ಲಿ ಕೇಳಿದಳು ಶೈಲಾ, ವೇಯ್ ಬಂದ ಮೇಲೆ.

"ಹಾಲು ತರೋಕೆ ಆ ಕಡೆ ಹೋಗಿದ್ದೆ."

"ಅವ್ರು ಹೀಗೆ ಮುರೀತಿದ್ದದ್ದು ನಿಂಗೆ ಗೊತ್ತೇ ಇರ್ಲಿಲ್ವಾ?"

"ನಾನೇನು ಅವಳ ಕೈ ಕಾಯ್ತಾ ಕೂತಿರ್ತೀನಾ?"

ವೇಯ್ ತಾಯಿಯನ್ನು ಚೀನೀ ಭಾಷೆಯಲ್ಲಿ ಕೇಳಿದ. ಆಕೆ ಲೀಲಾಳ ಬಾಯಿ ಒರೆಸುತ್ತಾ ಎರಡು ಮಾತು ಹೇಳಿದಳು. ಅವನು ಮತ್ತೊಮ್ಮೆ ಕೇಳಿದ. ಮತ್ತೆ ಅದೇ ಎರಡು ಮಾತು.

"ಇದು ನಮ್ಮ ಊರಿನ ಅಭ್ಯಾಸ ಅಂತಾಳೆ" ಎಂದ ಇಂಗ್ಲಿಷಿನಲ್ಲಿ, ನನಗೆ ತಿಳಿಯುವಷ್ಟು ನಿಧಾನವಾಗಿ. "ದಂಟು ಯಾರೂ ತಿನ್ನಲ್ಲ, ಮುರಿದು ಬಿಸಾಕ್ತಾರೆ ಅಂತಾಳೆ."

ಹೂವಿಗಿಂತ ಮುಂಚೆ ದಂಟು ತಿನ್ನುತ್ತಾ ಬೆಳೆದವನು ಅವನು. ಆಕೆಯನ್ನು ನೋಡಿದ, ಆಮೇಲೆ ನನ್ನನ್ನು. ನಾನು ತಟ್ಟೆ ಎತ್ತಿಕೊಂಡು ಪಾತ್ರೆ ತೊಳೆಯುವ ತೊಟ್ಟಿಗೆ ಹೋಗಿ ನಲ್ಲಿ ತಿರುಗಿಸಿದೆ. ಹಿಂದಿನಿಂದ ಶೈಲಾಳ ಮಾತು ಕೇಳಿಸಿತು: ಸೋಮವಾರದಿಂದ ಡೇಕೇರ್, ಒಂದು ಜಾಗ ಖಾಲಿ ಇದೆಯಂತೆ.

ಏರ್‌ಪೋರ್ಟು

ಹತ್ತು ದಿನದಲ್ಲಿ ಬೀಗಿತ್ತಿ ಹೊರಟಳು, ನನಗಿಂತ ಮುಂಚೆ. ಅಷ್ಟು ದಿನವೂ ಶುಂಠಿ ಜಜ್ಜಿದಳು, ನನ್ನ ಹಾಸಿಗೆಯನ್ನೂ ಮಡಿಸಿದಳು. ಆಕೆ ಮುಖ ಗಂಟಿಕ್ಕಿಕೊಂಡಿದ್ದರೆ ನನಗೂ ಸಿಟ್ಟಾಗಲು ಒಂದು ದಾರಿ ಇತ್ತು. ಇಕ್ಕಲಿಲ್ಲ. ಶೈಲಾ ಆಫೀಸಿನಲ್ಲಿದ್ದಳು, ವೇಯ್, ನಾನು, ಡೇಕೇರಿಗೆ ರಜೆ ಹಾಕಿಸಿದ ಲೀಲಾ ಏರ್‌ಪೋರ್ಟಿಗೆ ಹೋದೆವು. ಹೊರಡುವ ಬಾಗಿಲಲ್ಲಿ ಆಕೆ ಮಗುವನ್ನು ನನ್ನ ತೋಳಿಗೆ ಇಟ್ಟಳು, ಇಸಿದುಕೊಂಡ ಪಾತ್ರೆಯನ್ನು ತೊಳೆದು ಹಿಂದಿರುಗಿಸುವವಳ ಹಾಗೆ. ತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಉದ್ದನೆಯ ಸೇತುವೆಯ ಮೇಲೆ ವೇಯ್ ಬಾಯಿ ಬಿಟ್ಟ.

"ಅಮ್ಮ, ನನ್ನ ಮಾ ದಂಟು ಬಿಸಾಕಲ್ಲ."

"ಗೊತ್ತಪ್ಪ."

"ಶೈಲಾಗೆ ಹೇಳಬೇಡಿ. ನಿಮ್ಮ ಬಗ್ಗೆ ಅವಳಿಗೆ ತುಂಬ ಗೌರವ."

ಅಂದೇ ಸಂಜೆ ಶೈಲಾಗೆ ಹೇಳಿಬಿಟ್ಟೆ. ವೇಯ್ ಹೇಳಿದ್ದನ್ನಲ್ಲ, ನಾನು ಮಾಡಿದ್ದನ್ನು. ಅವಳು ಡೇಕೇರಿನ ಚೀಲಕ್ಕೆ ಸೀಸೆ ಜೋಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತು. ನಿನ್ನ ಕೈ ನಂಗೆ ಗೊತ್ತಿಲ್ವಾ ಅಮ್ಮ? ಚಿಕ್ಕಂದಿನಿಂದ ನೋಡಿದ್ದೀನಿ."

"ಮತ್ತೆ ಯಾಕೆ ಕಳಿಸಿದೆ ಆಕೇನ?"

"ನಮ್ಮಮ್ಮ ಮಾಡಿದ್ದು, ಆಮೇಲೆ ಸುಳ್ಳೂ ಹೇಳಿದ್ಳು ಅಂತ ವೇಯ್ ಮುಂದೆ ಹೇಳ್ಬೇಕಿತ್ತಾ? ಅವನಿಗೆ ಗೊತ್ತಿಲ್ಲ. ನೀನೂ ಹೇಳ್ಬೇಡ."

ಹೂಂ ಎಂದೆ. ಗಂಡನಿಗೆ ಗೊತ್ತಿಲ್ಲವೆಂದು ಹೆಂಡತಿ, ಹೆಂಡತಿಗೆ ಗೊತ್ತಿಲ್ಲವೆಂದು ಗಂಡ, ಇಬ್ಬರೂ ನನ್ನ ಮರ್ಯಾದೆ ಕಾದರು. ಅದರ ಬೆಲೆ ತೆತ್ತವಳು ಆಗ ಸಮುದ್ರದ ಮೇಲೆ ಹಾರುತ್ತಿದ್ದಳು.

ಆಮೇಲೆ ಶೈಲಾ ಕಂಪ್ಯೂಟರಿನಲ್ಲೇ ದಿನಸಿ ತರಿಸಲು ಶುರುಮಾಡಿದಳು. ಗುಂಡಿ ಒತ್ತಿದರೆ ವ್ಯಾನು ಬಾಗಿಲಿಗೆ ಬರುತ್ತಿತ್ತು. ಮುಟ್ಟದೆ, ಮೂಸದೆ ತರಕಾರಿ ಕೊಳ್ಳುವುದನ್ನು ಅಲ್ಲಿಯೇ ಮೊದಲು ನೋಡಿದ್ದು. ನಾನು ಊರಿಗೆ ಬಂದ ಮೇಲೆ ಆ ವ್ಯಾನಿನ ಕಂಪನಿ ಮುಚ್ಚಿತಂತೆ, ವೇಯ್‌ನ ಕಂಪನಿಯೂ ಮುಚ್ಚಿತಂತೆ. ಏಳು ತಿಂಗಳು ಅವನೇ ಮನೆಯಲ್ಲಿ ಕೂತು ಲೀಲಾಳನ್ನು ನೋಡಿಕೊಂಡ. ಬೀಗಿತ್ತಿ ತಮ್ಮನ ಸೊಸೆಯ ಕೈಕೆಳಗೆ, ತಾನೇ ಇಟ್ಟಿದ್ದ ಅಂಗಡಿಯಲ್ಲಿ, ಕಾಳು ರುಬ್ಬುವ ಕೂಲಿಗೆ ಸೇರಿದ್ದಾಳೆಂದು ಶೈಲಾ ಫೋನಿನಲ್ಲಿ ಹೇಳಿದಳು. ನಾನು ಅಂಗಡಿಯಲ್ಲಿದ್ದೆ, ಗಿರಾಕಿ ಇದ್ದರು, ಆಮೇಲೆ ಮಾಡು ಎಂದೆ.

ಹೋಗುವವರಿಗೆ

ನಿಮ್ಮ ಮಕ್ಕಳ ಬಾಣಂತನಕ್ಕೆಂದು ಆ ಕಡೆ ಹೊರಟಿದ್ದರೆ ಒಂದೆರಡು ಮಾತು ಕೇಳಿ. ಅಂಗಡಿಯೊಳಗೆ ಚಳಿ, ಸ್ವೆಟರ್ ಇರಲಿ. ಮೊಸರಿನ ಡಬ್ಬದ ಮೇಲೆ ಹಣ್ಣಿನ ಅಥವಾ ಹೂವಿನ ಚಿತ್ರವಿದ್ದರೆ ಮಜ್ಜಿಗೆಹುಳಿಗೆ ಆಗದು. ಬ್ರಾಕೊಲಿಯ ದಂಟು ಬೇಡವಾದರೆ ಬರೀ ಹೂವು ಕತ್ತರಿಸಿಟ್ಟದ್ದು ಪಕ್ಕದಲ್ಲೇ ಇರುತ್ತದೆ. ದರ ಸ್ವಲ್ಪ ಹೆಚ್ಚು, ಕೊಟ್ಟುಬಿಡಿ. ಚೌಕಾಸಿಗೆ ಅಲ್ಲಿ ಜಾಗವಿಲ್ಲ, ಇದೆ ಎಂದು ನಿಮ್ಮ ಕೈ ಎಷ್ಟೇ ತುರಿಸಿದರೂ. ಬೀಗಿತ್ತಿಗೆ ಏನಾದರೂ ಕಲಿಸುವ ಮುನ್ನ, ತಪ್ಪಾದರೆ ನಿಮಗೆ ಹೋಗುವುದೇನು, ಆಕೆಗೆ ಹೋಗುವುದೇನು ಎಂದು ತೂಗಿ ನೋಡಿ. ನನಗೆ ಹಾಸನದಲ್ಲಿ ಬಾಗಿಲು ತೆರೆದೇ ಇತ್ತು.

ಮತ್ತೆ, ತಪ್ಪು ನಿಮ್ಮದಾದರೆ ಅಲ್ಲಿಯೇ, ಆಗಲೇ ಹೇಳಿ. ತಪ್ಪು ಒಪ್ಪಿಕೊಳ್ಳುವುದು ಸೊಪ್ಪಿನ ವ್ಯಾಪಾರ, ಅವತ್ತಿನದು ಅವತ್ತೇ. ನಾನು ಹತ್ತು ದಿನ ಇಟ್ಟುಕೊಂಡು, ಬಾಡಿದ್ದನ್ನು ಮಗಳ ಮುಂದೆ ತೆಗೆದುಕೊಂಡು ಹೋಗಿದ್ದೆ.